ಕುರ್ಚಿಗೆ ಅಳತೆ ಕಲಿಸಿದ ಕೋರ ಕ್ಲಿಂಟ್

ಕುರ್ಚಿಯ ಮೇಲೆ ಕುಳಿತವರ ಚರಿತ್ರೆಯನ್ನು ನಾವು ಸಾಕಷ್ಟು ಓದಿದ್ದೇವೆ. ಕುರ್ಚಿಗಾಗಿ ನಡೆದ ಜಗಳಗಳೂ ನಮಗೆ ಹೊಸತಲ್ಲ. ಆದರೆ ಕುರ್ಚಿಯನ್ನೇ ಬಾಳಿನ ಕೆಲಸವನ್ನಾಗಿ ಮಾಡಿಕೊಂಡು, ಅದು ಮನುಷ್ಯನ ಮೈಗೆ ಹೇಗೆ ಒಗ್ಗಬೇಕೆಂದು ನಲವತ್ತು ವರ್ಷ ಯೋಚಿಸಿದವರ ಕಥೆಯನ್ನು ಕೇಳಿದವರು ಕಡಿಮೆ. ಡೆನ್ಮಾರ್ಕಿನ ಕೋರ ಕ್ಲಿಂಟ್ ಅಂಥವರಲ್ಲಿ ಅಗ್ರಗಣ್ಯರು.

ಪೇಟೆಯ ಪೀಠೋಪಕರಣ ಮಳಿಗೆಗಳಲ್ಲಿ ಡ್ಯಾನಿಶ್ ಮಾದರಿಯ ಊಟದ ಕುರ್ಚಿ ಎಂದು ಮಾರುವ ಒಂದು ಬಗೆಯನ್ನು ಪಾಠಕರು ಕಂಡಿರಬಹುದು. ನಾಲ್ಕು ತೆಳು ಕಾಲು, ಬೆನ್ನಿಗೆ ತುಸು ಬಾಗಿದ ಒಂದು ಪಟ್ಟಿ, ಕೂರಲು ಬಿಗಿಯಾಗಿ ಎಳೆದು ಕಟ್ಟಿದ ಚರ್ಮ, ಇಷ್ಟೇ. ಕೆತ್ತನೆಯಿಲ್ಲ, ಹೂಬಳ್ಳಿಯಿಲ್ಲ, ಸಿಂಹದ ಮುಖವಿಲ್ಲ. ಮರದ ಎಳೆಯೇ ಅದರ ಅಲಂಕಾರ. ಒಂದೇ ಕೈಯಿಂದ ಎತ್ತಿ ಬದಿಗಿಡುವಷ್ಟು ಹಗುರ. ಆದರೂ ಒಂದು ತಾಸು ಕುಳಿತರೆ ಬೆನ್ನು ನೋಯುವುದಿಲ್ಲ. ಎರಡನೆಯ ಮಹಾಯುದ್ಧದ ತರುವಾಯ ಲೋಕವೆಲ್ಲ ಮೆಚ್ಚಿಕೊಂಡ ಈ ಕುರ್ಚಿಗಳ ವಂಶಾವಳಿಯನ್ನು ಹಿಂದಕ್ಕೆ ಹುಡುಕುತ್ತ ಹೋದರೆ ನಾವು ಮುಟ್ಟುವುದು ಕ್ಲಿಂಟರನ್ನು. ಇನ್ನೂ ಹಿಂದೆ ಹೋದರೆ ಒಂದು ಕವಲು ನಮ್ಮ ದೇಶಕ್ಕೇ ಬಂದು ಮುಟ್ಟುತ್ತದೆ. ಆ ಸಂಗತಿ ಮುಂದೆ ಬರಲಿದೆ.

ತಂದೆಯ ಮನೆ

ಕೋರ ಕ್ಲಿಂಟರು ಹುಟ್ಟಿದ್ದು 1888ರ ಡಿಸೆಂಬರ್ 15ರಂದು, ಕೋಪನ್‌ಹೇಗನ್ ನಗರಕ್ಕೆ ತಾಗಿಕೊಂಡಿರುವ ಫ್ರೆಡರಿಕ್ಸ್‌ಬರ್ಗ್‌ನಲ್ಲಿ. ತಂದೆ ಪೀಡರ್ ವಿಲ್ಹೆಲ್ಮ್ ಯೆನ್ಸನ್ ಕ್ಲಿಂಟ್ ಎಂಜಿನಿಯರಿಂಗ್ ಕಲಿತವರು. ಅದನ್ನು ಬಿಟ್ಟು ಚಿತ್ರಕಾರರಾದರು. ಕೊನೆಗೆ ಕಟ್ಟಡಗಳ ಕಡೆಗೆ ತಿರುಗಿ ತಮ್ಮ ದೇಶದ ಪ್ರಖ್ಯಾತ ಶಿಲ್ಪಿಗಳಲ್ಲಿ ಒಬ್ಬರಾದರು. ಊರ ಗಾರೆಯವರೂ ಬಡಗಿಗಳೂ ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಕೈಕೆಲಸದ ಜ್ಞಾನವೇ ನಿಜವಾದ ವಿದ್ಯೆ ಎಂಬುದು ಅವರ ನಂಬಿಕೆ. ಪರದೇಶದ ಶೈಲಿಗಳನ್ನು ಎರವಲು ತರುವುದಕ್ಕಿಂತ ತಮ್ಮ ಹಳ್ಳಿಯ ಇಗರ್ಜಿಗಳನ್ನೂ ರೈತರ ಮನೆಗಳನ್ನೂ ಅಳೆದು ನೋಡಿ, ಅವುಗಳಿಂದ ಕಲಿಯಬೇಕೆಂದು ಅವರು ಕಿರಿಯರಿಗೆ ಹೇಳುತ್ತಿದ್ದರು.

ಆ ಮನೆಯಲ್ಲಿ ಕೆಲಸವೂ ಆಟವೂ ಬೇರೆ ಬೇರೆಯಾಗಿರಲಿಲ್ಲ. ಶತಮಾನದ ಆರಂಭದಲ್ಲಿ ತಂದೆ ತಾವೇ ರೂಪಿಸಿದ ಸೀಮೆಎಣ್ಣೆ ದೀಪವೊಂದಕ್ಕೆ ಕಾಗದವನ್ನು ನೆರಿಗೆ ನೆರಿಗೆಯಾಗಿ ಮಡಿಸಿ ಮುಚ್ಚಳ ಮಾಡಿದರು. ಅದನ್ನು ಮಡಿಸುವುದೇ ಮನೆಮಂದಿಗೆಲ್ಲ ಒಂದು ಹವ್ಯಾಸವಾಯಿತು. ಹಿಡಿತವೂ ಲೆಕ್ಕವೂ ಒಟ್ಟಿಗೇ ಬೇಕಾದ ಈ ಕೆಲಸ ಹುಡುಗ ಕೋರನ ಕೈಗೆ ಬೇಗನೆ ಹತ್ತಿತು.

ತಂದೆಯಂತೆಯೇ ಮಗನೂ ಮೊದಲು ಹಿಡಿದದ್ದು ಚಿತ್ರಕಾರನ ಕುಂಚವನ್ನೇ. ಆಮೇಲೆ ತಂದೆಯ ಬಳಿಯಲ್ಲಿಯೂ ಕಾರ್ಲ್ ಪೀಟರ್ಸನ್ ಎಂಬ ಶಿಲ್ಪಿಯ ಬಳಿಯಲ್ಲಿಯೂ ಕಟ್ಟಡದ ಕೆಲಸ ಕಲಿತರು. ಪದವಿ ಪತ್ರಕ್ಕಿಂತ ಗುರುವಿನ ಪಕ್ಕದಲ್ಲಿ ನಿಂತು ಕಲಿತದ್ದೇ ಅವರ ಬಂಡವಾಳ.

ಮೊದಲ ಕುರ್ಚಿ

ಡೆನ್ಮಾರ್ಕಿನ ಫ್ಯೂನ್ ದ್ವೀಪದಲ್ಲಿ ಫೋಬೋರ್ಗ್ ಎಂಬ ಸಣ್ಣ ಊರಿದೆ. ಅಲ್ಲಿ ಡಬ್ಬಿಯಲ್ಲಿ ತುಂಬಿದ ಆಹಾರ ಪದಾರ್ಥಗಳನ್ನು ತಯಾರಿಸುತ್ತಿದ್ದ ಮ್ಯಾಡ್ಸ್ ರಾಸ್ಮುಸ್ಸನ್ ಎಂಬ ಉದ್ಯಮಿ ತನ್ನ ದ್ವೀಪದ ಚಿತ್ರಕಾರರ ಕೃತಿಗಳಿಗಾಗಿ ಒಂದು ಸಂಗ್ರಹಾಲಯ ಕಟ್ಟಿಸಿದ. ಶಿಲ್ಪಿ ಕಾರ್ಲ್ ಪೀಟರ್ಸನ್. ಒಳಗಿನ ಪೀಠೋಪಕರಣದ ಕೆಲಸದಲ್ಲಿ ನೆರವಾಗಲು ಅವರು ಕ್ಲಿಂಟರನ್ನು ಕರೆದುಕೊಂಡರು. ಆಗ ಕ್ಲಿಂಟರಿಗೆ ಇಪ್ಪತ್ತಾರರೊಳಗಿನ ವಯಸ್ಸು.

ಚಿತ್ರ ನೋಡಲು ಬಂದವರಿಗೆ ಕೂರಲು ಕುರ್ಚಿ ಬೇಕು. ಆದರೆ ಆ ಕುರ್ಚಿ ಚಿತ್ರಕ್ಕೆ ಅಡ್ಡ ಬರಬಾರದು. ನೆಲದ ಬಣ್ಣದ ಹಾಸುಗಲ್ಲಿನ ವಿನ್ಯಾಸ ಅದರ ಮೂಲಕ ಕಾಣುವಂತಿರಬೇಕು. ನೋಡುವವನು ತನಗೆ ಬೇಕಾದ ಚಿತ್ರದ ಮುಂದೆ ತಾನೇ ಅದನ್ನು ಎತ್ತಿಕೊಂಡು ಹೋಗಬೇಕು. ಇಷ್ಟು ಷರತ್ತುಗಳಿಗೆ ಉತ್ತರವಾಗಿ 1914ರಲ್ಲಿ ಹುಟ್ಟಿದ್ದು ಫೋಬೋರ್ಗ್ ಕುರ್ಚಿ. ಅದರ ಬೆನ್ನು ಅರ್ಧಚಂದ್ರಾಕಾರವಾಗಿ ಮುಂದಕ್ಕೆ ಬಳಸಿ ಬಂದು ಮೊಳಕೈಗೂ ಆಸರೆಯಾಗುತ್ತದೆ. ಬೆನ್ನಿಗೆ ಬೆತ್ತದ ಹೆಣಿಗೆ, ಕೂರಲು ಬೆತ್ತ ಅಥವಾ ಚರ್ಮ. ಬೆತ್ತದ ಹೆಣಿಗೆಯ ಸಂದುಗಳಲ್ಲಿ ಬೆಳಕು ಹಾಯ್ದುಹೋಗುವುದರಿಂದ ಕುರ್ಚಿ ಕಣ್ಣಿಗೆ ಭಾರವೆನಿಸುವುದಿಲ್ಲ.

ಆ ಕಾಲದ ಸಿರಿವಂತರ ಮನೆಗಳಲ್ಲಿ ಕುರ್ಚಿಯೆಂದರೆ ಕೆತ್ತನೆಯ ಹೊರೆ. ಅಂಥಲ್ಲಿ ಕೆಲಸಕ್ಕೆ ಬೇಕಾದಷ್ಟೇ ಮರವಿರುವ ಈ ಕುರ್ಚಿ ಹೊಸ ದಾರಿ ತೋರಿಸಿತು. ಮುಂದೆ ಡ್ಯಾನಿಶ್ ಪೀಠೋಪಕರಣ ಎಂದು ಲೋಕ ಕರೆದದ್ದು ಇಲ್ಲಿಂದಲೇ ಮೊದಲಾಯಿತೆಂದು ತಿಳಿದವರು ಹೇಳುತ್ತಾರೆ.

ಗೇಣು, ಮೊಳ, ಮಾರು

ಕುರ್ಚಿಯೊಂದು ಚೆಲುವಾಗಿದ್ದರೆ ಸಾಕೇ? ಎಷ್ಟು ಎತ್ತರವಿರಬೇಕು, ಏಕೆ ಅಷ್ಟೇ ಇರಬೇಕು? ಈ ಪ್ರಶ್ನೆಗಳು ಕ್ಲಿಂಟರನ್ನು ಕಾಡತೊಡಗಿದವು. ಮೊದಲ ಮಹಾಯುದ್ಧ ನಡೆಯುತ್ತಿದ್ದ ಕಾಲದಲ್ಲಿಯೇ ಅವರು ಮನುಷ್ಯ ದೇಹದ ಅಳತೆಗಳನ್ನು ಕ್ರಮವಾಗಿ ಅಭ್ಯಾಸ ಮಾಡಲು ಹೊರಟರು. ನಿಂತಾಗ, ಕುಳಿತಾಗ, ಬರೆಯುವಾಗ, ಒರಗಿದಾಗ ಮೈಯ ಯಾವ ಭಾಗ ಎಲ್ಲಿರುತ್ತದೆ, ಯಾವ ಭಾಗಕ್ಕೆ ಭಾರ ಬೀಳುತ್ತದೆ ಎಂದು ಅಳೆದು ನಕ್ಷೆ ಮಾಡಿದರು. ಪೀಠೋಪಕರಣದ ವಿಷಯದಲ್ಲಿ ಇಂಥ ಅಭ್ಯಾಸಕ್ಕೆ ಕೈಹಾಕಿದ ಮೊದಲಿಗರಲ್ಲಿ ಅವರೊಬ್ಬರು.

ಮಂಡಿಯ ಹಿಂಭಾಗದಿಂದ ಅಂಗಾಲಿನವರೆಗಿನ ಉದ್ದಕ್ಕಿಂತ ಪೀಠ ಎತ್ತರವಾದರೆ ಕಾಲು ನೆಲಕ್ಕೆ ತಾಗದೆ ನೇತಾಡುತ್ತದೆ. ತೊಡೆಯ ಕೆಳಗೆ ಒತ್ತಡ ಬಿದ್ದು ಕಾಲು ಜುಮ್ಮೆನ್ನುತ್ತದೆ. ತೀರ ತಗ್ಗಾದರೆ ಮಂಡಿ ಮೇಲೇರಿ ಬೆನ್ನು ಬಾಗುತ್ತದೆ. ಪೀಠದ ಆಳ ತೊಡೆಯ ಉದ್ದಕ್ಕಿಂತ ಹೆಚ್ಚಾದರೆ ಬೆನ್ನು ಆಸರೆಗೆ ತಾಗುವುದೇ ಇಲ್ಲ. ಕೇಳಿದರೆ ಇವೆಲ್ಲ ಸಾಮಾನ್ಯ ಸಂಗತಿಗಳು. ಆದರೆ ಯಾರೂ ಅಳೆಯದೆ ಇದ್ದುದನ್ನು ಅಳೆದದ್ದು ಕ್ಲಿಂಟರ ಹೆಚ್ಚಳ.

ಇಲ್ಲಿ ನಮಗೆ ಒಂದು ಮಾತು ನೆನಪಾಗದೆ ಇರದು. ನಮ್ಮ ಹಿರಿಯರ ಅಳತೆಗಳೆಲ್ಲ ಮೈಯಿಂದಲೇ ಬಂದವು: ಅಂಗುಲ, ಗೇಣು, ಮೊಳ, ಮಾರು. ಕೋಲು ಹಿಡಿದು ಮನೆಯ ಆಯ ನೋಡುತ್ತಿದ್ದ ನಮ್ಮ ಆಚಾರಿಗೆ ಮನುಷ್ಯನ ಮೈ ಮತ್ತು ಮರದ ತೊಲೆ ಒಂದೇ ಲೆಕ್ಕದಲ್ಲಿ ಸಿಗುತ್ತಿದ್ದವು. ಮೀಟರು ಬಂದ ಮೇಲೆ ಲೆಕ್ಕ ಸುಲಭವಾಯಿತು. ಆದರೆ ಅಳತೆಯ ಹಿಂದಿದ್ದ ಮೈ ಮರೆತುಹೋಯಿತು. ಮೀಟರಿನ ಕಾಲದಲ್ಲಿಯೇ ಕ್ಲಿಂಟರು ಆ ಮರೆತ ಮೈಯನ್ನು ಮರಳಿ ಕರೆತಂದರು.

ಮೈಯನ್ನು ಮಾತ್ರವಲ್ಲ, ಮನೆಯ ಸಾಮಾನನ್ನೂ ಅವರು ಅಳೆದರು. ತಟ್ಟೆ, ಲೋಟ, ಚಮಚ, ಬಟ್ಟೆ, ಕಾಗದ ಇವುಗಳ ಗಾತ್ರವೆಷ್ಟು ಎಂದು ಮೊದಲು ಗೊತ್ತುಮಾಡಿಕೊಂಡು, ಅನಂತರ ಕಪಾಟಿನ ಒಳಗಿನ ಅಂತರಗಳನ್ನು ನಿರ್ಧರಿಸಿದರು. ಹೀಗೆ ರೂಪಿಸಿದ ಅವರ ಕಪಾಟು ಗಾತ್ರದಲ್ಲಿ ಚಿಕ್ಕದಾದರೂ ದೊಡ್ಡ ಕಪಾಟಿನಷ್ಟೇ ಸಾಮಾನು ಹಿಡಿಸುತ್ತಿತ್ತು. ಒಳಗೆ ವ್ಯರ್ಥವಾದ ಗಾಳಿಯಿಲ್ಲದ್ದೇ ಅದರ ಗುಟ್ಟು.

1924ರಲ್ಲಿ ಡೆನ್ಮಾರ್ಕಿನ ರಾಜ ಲಲಿತಕಲಾ ಅಕಾಡೆಮಿಯಲ್ಲಿ ಪೀಠೋಪಕರಣ ವಿಭಾಗ ಆರಂಭವಾದಾಗ ಕ್ಲಿಂಟರೇ ಅದರ ಅಧ್ಯಾಪಕರಾದರು. ಮನಬಂದಂತೆ ಹೊಸತು ಗೀಚುವುದಕ್ಕೆ ಅವರ ತರಗತಿಯಲ್ಲಿ ಅವಕಾಶವಿರಲಿಲ್ಲ. ವಿದ್ಯಾರ್ಥಿ ಮೊದಲು ಹಳೆಯ ಒಳ್ಳೆಯ ಕುರ್ಚಿಯೊಂದನ್ನು ಎದುರಿಗಿಟ್ಟು ಅದರ ಪ್ರತಿಯೊಂದು ಕೂಡಿಕೆಯನ್ನೂ ಅಳೆದು ಬರೆಯಬೇಕು. ಈ ಕಾಲು ಇಲ್ಲೇಕೆ ದಪ್ಪ, ಅಲ್ಲೇಕೆ ತೆಳು ಎಂದು ಉತ್ತರ ಹೇಳಬೇಕು. ಆಮೇಲೆ ಅದರಲ್ಲಿ ಬೇಡದ್ದು ಯಾವುದು ಎಂದು ಹುಡುಕಬೇಕು. ಹಳೆಯದನ್ನು ಪೂಜಿಸುವುದೂ ಬೇಡ, ಎಸೆಯುವುದೂ ಬೇಡ, ಪರೀಕ್ಷಿಸಿ ತಿದ್ದಿದರೆ ಸಾಕು ಎಂಬುದೇ ಅವರ ಪಾಠದ ಸಾರ. ಯೂರೋಪಿನ ಇತರೆಡೆಗಳಲ್ಲಿ ಹಳೆಯದೆಲ್ಲವನ್ನೂ ಕೈಬಿಟ್ಟು ಉಕ್ಕಿನ ಕೊಳವೆಗಳಿಂದ ಕುರ್ಚಿ ಬಗ್ಗಿಸುತ್ತಿದ್ದ ಆ ವರ್ಷಗಳಲ್ಲಿ ಈ ಮಾತು ಹಲವರಿಗೆ ಹಿಂದುಳಿದದ್ದಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಕೆಂಪು ಕುರ್ಚಿ

ಕೋಪನ್‌ಹೇಗನ್‌ನಲ್ಲಿ ಹದಿನೆಂಟನೆಯ ಶತಮಾನದಲ್ಲಿ ಕಟ್ಟಿದ ಫ್ರೆಡರಿಕ್ಸ್ ಆಸ್ಪತ್ರೆ ಎಂಬ ದೊಡ್ಡ ಕಟ್ಟಡವಿತ್ತು. ತತ್ತ್ವಜ್ಞಾನಿ ಕೀರ್ಕೆಗಾರ್ಡ್ 1855ರಲ್ಲಿ ಕೊನೆಯುಸಿರೆಳೆದದ್ದು ಅಲ್ಲಿಯೇ. 1910ರಲ್ಲಿ ಆ ಆಸ್ಪತ್ರೆ ಮುಚ್ಚಿತು. ಮುಂದೆ ಅದನ್ನು ಕರಕುಶಲ ಕಲೆಗಳ ಸಂಗ್ರಹಾಲಯವಾಗಿ ಮಾರ್ಪಡಿಸುವ ಕೆಲಸ ಈವಾರ್ ಬೆಂಟ್ಸನ್ ಮತ್ತು ಕ್ಲಿಂಟರ ಪಾಲಿಗೆ ಬಂತು. 1926ರಲ್ಲಿ ಸಂಗ್ರಹಾಲಯ ಅಲ್ಲಿ ತೆರೆಯಿತು. ಹಳೆಯ ಗೋಡೆಗಳ ಗಾಂಭೀರ್ಯ ಕೆಡದಂತೆ ಹೊಸ ಉಪಯೋಗಕ್ಕೆ ಒಗ್ಗಿಸಿದ ಈ ಕೆಲಸವೂ ಅವರ ಪಾಠಕ್ಕೆ ತಕ್ಕ ನಿದರ್ಶನ.

ಆ ಸಂಗ್ರಹಾಲಯಕ್ಕಾಗಿಯೇ 1927ರಲ್ಲಿ ಅವರು ರೂಪಿಸಿದ್ದು ಕೆಂಪು ಕುರ್ಚಿ. ಮರದ ಚೌಕಟ್ಟು, ಚರ್ಮದ ಪೀಠ ಇರುವ ಊಟದ ಕುರ್ಚಿಗಳಲ್ಲಿ ಇದಕ್ಕೆ ಹಿರಿಯಣ್ಣನ ಸ್ಥಾನ. ಇದರ ಮೂಲ ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಚಿಪ್ಪೆಂಡೇಲ್ ಮಾದರಿ. ಆ ಕುರ್ಚಿಯಲ್ಲಿದ್ದ ಕೆತ್ತನೆಯನ್ನೆಲ್ಲ ತೆಗೆದುಹಾಕಿ, ಅದರ ಎಲುಬಿನಂಥ ಕಟ್ಟನ್ನು ಮಾತ್ರ ಉಳಿಸಿಕೊಂಡು, ಕಾಲುಗಳನ್ನೂ ಅಡ್ಡಪಟ್ಟಿಗಳನ್ನೂ ಹೊಸ ಅಳತೆಗೆ ತಂದರು. ಮರ ಕ್ಯೂಬಾದ ಮಹಾಗನಿ. ಚರ್ಮ ಪಶ್ಚಿಮ ಆಫ್ರಿಕದಿಂದ ಬರುತ್ತಿದ್ದ ನೈಜರ್ ಮೇಕೆಯ ತೊಗಲು. ಅಂಚಿಗೆ ಸಾಲಾಗಿ ಹಿತ್ತಾಳೆಯ ಮೊಳೆ.

ಈ ತೊಗಲಿನ ವಿಚಾರ ಸ್ವಲ್ಪ ಹೇಳಬೇಕು. ನೈಜರ್ ತೊಗಲನ್ನು ರಾಸಾಯನಿಕಗಳಿಂದಲ್ಲ, ಗಿಡಮರಗಳ ಒಗರಿನಿಂದ ಹದಗೊಳಿಸುತ್ತಿದ್ದರು. ಅಂಥ ಚರ್ಮ ದಿನ ಹೋದಂತೆ ಬಣ್ಣ ಗಾಢವಾಗಿ, ಕೂತವರ ಮೈಗೆ ಹೊಂದಿಕೊಂಡು ಚೆಲುವಾಗುತ್ತದೆ. ನಮ್ಮ ಸೇಲಂ, ಧರ್ಮಪುರಿ ಜಿಲ್ಲೆಗಳ ಒಣ ಬಯಲುಗಳಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡ ಧಾರಾಳ. ಆವರಿಕೆ ಎಂದೂ ಅದನ್ನು ಕರೆಯುತ್ತಾರೆ. ಅದರ ತೊಗಟೆಯಿಂದ ಹದಮಾಡಿದ ತೊಗಲು ಮದರಾಸು ಬಂದರಿನಿಂದ ಲಂಡನಿಗೆ ಹೋಗಿ ಅಲ್ಲಿಯ ಪೇಟೆಯಲ್ಲಿ ಹೆಸರು ಮಾಡಿತ್ತು. ಡೇನರು ಮೆಚ್ಚಿದ ಚರ್ಮದ ಗುಣ ನಮ್ಮ ತೆಂಕಣ ಸೀಮೆಯ ಚಮ್ಮಾರರಿಗೆ ತಿಳಿಯದ್ದೇನಲ್ಲ ಎಂಬುದಕ್ಕೆ ಈ ಮಾತು.

1929ರಲ್ಲಿ ಸ್ಪೇನಿನ ಬಾರ್ಸೆಲೋನಾದಲ್ಲಿ ನಡೆದ ಅಂತರರಾಷ್ಟ್ರೀಯ ಪ್ರದರ್ಶನದಲ್ಲಿ ಕ್ಲಿಂಟರ ಕೆಂಪು ಕುರ್ಚಿಯೂ ಇತ್ತು. ಜರ್ಮನಿಯ ಮೀಸ್ ವಾನ್ ಡರ್ ರೋ ಅವರ ಉಕ್ಕಿನ ಪ್ರಸಿದ್ಧ ಕುರ್ಚಿ ಲೋಕದ ಕಣ್ಣಿಗೆ ಬಿದ್ದದ್ದೂ ಅದೇ ಪ್ರದರ್ಶನದಲ್ಲಿ. ಒಂದು ನಾಳೆಯ ಕಡೆಗೆ ಮುಖ ಮಾಡಿ ಹೊಳೆಯುತ್ತಿತ್ತು. ಇನ್ನೊಂದು ನಿನ್ನೆಯ ಹೆಗಲ ಮೇಲೆ ಕೈಯಿಟ್ಟು ನಿಂತಿತ್ತು. ಎರಡೂ ಇಂದಿಗೂ ಬದುಕಿವೆ.

ಬಾರಾಮಹಲಿನ ಡೇರೆಯಿಂದ ಕೋಪನ್‌ಹೇಗನ್‌ಗೆ

1933ರಲ್ಲಿ ಕ್ಲಿಂಟರು ಮಾಡಿದ ಸಫಾರಿ ಕುರ್ಚಿ ಅವರ ಕೃತಿಗಳಲ್ಲೆಲ್ಲ ಹೆಚ್ಚು ಜನಪ್ರಿಯ. ಇದರ ಮೂಲವೇ ನಮ್ಮ ದೇಶದ್ದು. ಅದನ್ನು ತಿಳಿಯಲು ನಾವು ಸುಮಾರು ನೂರನಲವತ್ತು ವರ್ಷ ಹಿಂದಕ್ಕೆ, ಬಾರಾಮಹಲಿಗೆ ಹೋಗಬೇಕು.

1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪು ಸುಲ್ತಾನ್ ಇಂಗ್ಲಿಷರಿಗೆ ಬಿಟ್ಟುಕೊಟ್ಟ ನಾಡುಗಳಲ್ಲಿ ಬಾರಾಮಹಲ್ ಮತ್ತು ಸೇಲಂ ಸೇರಿದ್ದವು. ಇಂದಿನ ಧರ್ಮಪುರಿ, ಕೃಷ್ಣಗಿರಿ, ಸೇಲಂ ಜಿಲ್ಲೆಗಳ ಬಹುಭಾಗ ಅದೇ. ಹೊಸೂರು, ಡೆಂಕಣಿಕೋಟೆಯ ಕಡೆ ಇಂದಿಗೂ ಕನ್ನಡ ಮನೆಮಾತಾಗಿರುವ ಕುಟುಂಬಗಳುಂಟು. ಆ ನಾಡನ್ನು ಅಳೆದು ಕಂದಾಯ ಗೊತ್ತುಮಾಡಲು ಬಂದವರು ಕ್ಯಾಪ್ಟನ್ ಅಲೆಗ್ಸಾಂಡರ್ ರೀಡ್. ಅವರ ಸಹಾಯಕರಲ್ಲಿ ಒಬ್ಬರು ಥಾಮಸ್ ಮನ್ರೊ. ಏಳು ವರ್ಷ ಬಾರಾಮಹಲಿನಲ್ಲಿದ್ದು, 1799ರಲ್ಲಿ ನಮ್ಮ ಕನ್ನಡ ಜಿಲ್ಲೆಗೆ ಮೊದಲ ಕಲೆಕ್ಟರಾಗಿ ಬಂದವರೇ ಈ ಮನ್ರೊ. ಕಾಸರಗೋಡು ಸೀಮೆಯೂ ಅಂದು ಅವರ ಆಡಳಿತಕ್ಕೆ ಸೇರಿತ್ತು.

ಊರಿಂದೂರಿಗೆ ತಿರುಗುತ್ತ ಹೊಲಗದ್ದೆ ಅಳೆಸುವ ಅಧಿಕಾರಿಗೆ ಡೇರೆಯೇ ಮನೆ, ಡೇರೆಯೇ ಕಚೇರಿ. ಎತ್ತಿನ ಬೆನ್ನ ಮೇಲೆ ಹೇರಿ ಒಯ್ಯುವ ಮೇಜು, ಮಡಿಸಿ ಕಟ್ಟುವ ಕುರ್ಚಿ, ಬಿಚ್ಚಿ ಜೋಡಿಸುವ ಮಂಚ ಇವೆಲ್ಲ ಬೇಕು. ಇಂಥ ಡೇರೆ ಬದುಕಿಗಾಗಿ ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ಒಂದು ಪ್ರತ್ಯೇಕ ಪೀಠೋಪಕರಣದ ಜಾತಿಯೇ ಬೆಳೆಯಿತು. ಕೆಲವನ್ನು ಲಂಡನಿನಿಂದ ತರಿಸುತ್ತಿದ್ದರು, ಕೆಲವನ್ನು ಇಲ್ಲಿಯ ಬಡಗಿಗಳೇ ಮಾಡುತ್ತಿದ್ದರು.

ಆ ಜಾತಿಯ ಕೊನೆಯ ಮತ್ತು ಅತಿ ಜಾಣ ಸಂತಾನ ರೂರ್ಕಿ ಕುರ್ಚಿ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅದು ಬಳಕೆಗೆ ಬಂತು. ಉತ್ತರದ ರೂರ್ಕಿ ಪಟ್ಟಣದಲ್ಲಿದ್ದ ಸೇನೆಯ ಎಂಜಿನಿಯರ್ ದಳದಿಂದ ಅದಕ್ಕೆ ಆ ಹೆಸರು. ನಾಲ್ಕು ಕಡೆದ ಕಾಲು, ನಾಲ್ಕು ಅಡ್ಡಕೋಲು, ಒಂದಿಷ್ಟು ಕ್ಯಾನ್ವಾಸ್ ಅಥವಾ ಚರ್ಮ, ಕೆಲವು ಪಟ್ಟಿಗಳು. ಅಡ್ಡಕೋಲಿನ ತುದಿ ಚೂಪಾಗಿ ಇಳಿದಿರುತ್ತದೆ, ಕಾಲಿನ ತೂತೂ ಹಾಗೆಯೇ. ಅಂಟಿಲ್ಲ, ಮೊಳೆಯಿಲ್ಲ. ಕೂತವನ ಭಾರದಿಂದ ಚರ್ಮ ಬಿಗಿದು, ಕೂಡಿಕೆಗಳು ತಾವಾಗಿಯೇ ಗಟ್ಟಿಯಾಗುತ್ತವೆ. ನೆಲ ತಗ್ಗುದಿಣ್ಣೆಯಾಗಿದ್ದರೆ ಚೌಕಟ್ಟು ತುಸು ತಿರುಚಿಕೊಂಡು ನಾಲ್ಕು ಕಾಲೂ ನೆಲ ಹಿಡಿಯುತ್ತವೆ. ಬೆನ್ನಿನ ಪಟ್ಟಿ ಎರಡು ಕೀಲಿನ ಮೇಲೆ ತೂಗುವುದರಿಂದ ಕೂತವನು ಹೇಗೆ ಒರಗಿದರೆ ಹಾಗೆ ಬಾಗುತ್ತದೆ. ಏಳಬೇಕಾದಾಗ ಬಿಚ್ಚಿ ಚೀಲಕ್ಕೆ ತುಂಬಿದರಾಯಿತು.

ದಕ್ಷಿಣ ಆಫ್ರಿಕದ ಬೋಯರ್ ಯುದ್ಧದ ಕಾಲಕ್ಕೆ ಈ ಕುರ್ಚಿ ಇಂಗ್ಲಿಷ್ ಅಧಿಕಾರಿಗಳೊಂದಿಗೆ ಸಮುದ್ರ ದಾಟಿತು. ಅಲ್ಲಿಂದ ಬೇಟೆಗಾರರ ಮತ್ತು ಪ್ರವಾಸಿಗರ ಬಿಡಾರಗಳಿಗೆ ಸೇರಿತು. ಅದರ ಗುಣ ಕ್ಲಿಂಟರ ಕಣ್ಣಿಗೆ ಬಿದ್ದದ್ದು ಹೀಗೆ ಆಫ್ರಿಕದ ದಾರಿಯಾಗಿ. ಕಟ್ಟನ್ನು ಅವರು ಬದಲಿಸಲಿಲ್ಲ. ಮರವನ್ನು ತೆಳುಮಾಡಿ, ಅಳತೆ ತಿದ್ದಿ, ಕೂಡಿಕೆ ನಯಮಾಡಿ, ಮೈಗೆ ಇನ್ನಷ್ಟು ಒಗ್ಗುವಂತೆ ಮಾಡಿದರು. ಕೋಪನ್‌ಹೇಗನ್‌ನ ರೂಡ್ ರಾಸ್ಮುಸ್ಸನ್ ಬಡಗಿ ಶಾಲೆಯಲ್ಲಿ ಅದು ತಯಾರಾಯಿತು. ಕೊಂಡವರು ಮನೆಯಲ್ಲಿ ಯಾವ ಸಲಕರಣೆಯೂ ಇಲ್ಲದೆ ಜೋಡಿಸಿಕೊಳ್ಳಬಹುದಿತ್ತು. ಬಿಚ್ಚಿ ಪೊಟ್ಟಣ ಕಟ್ಟಿ ಮಾರುವ ಪೀಠೋಪಕರಣಗಳು ಲೋಕವ್ಯಾಪಿಯಾಗುವ ಎಷ್ಟೋ ವರ್ಷ ಮೊದಲಿನ ಮಾತಿದು.

ತನ್ನ ಕುರ್ಚಿ ಹಳೆಯದೊಂದರ ತಿದ್ದುಪಡಿ ಎಂಬುದು ಕ್ಲಿಂಟರಿಗೆ ನಾಚಿಕೆಯ ವಿಷಯವಾಗಿರಲಿಲ್ಲ, ಅದೇ ಅವರ ಸಿದ್ಧಾಂತ. ಆದರೆ ನಮ್ಮ ಪಾಲಿಗೆ ಇಲ್ಲೊಂದು ನೋವಿದೆ. ತಿದ್ದಿದವರ ಹೆಸರು ಉಳಿಯಿತು. ಮೊದಲು ಅದನ್ನು ಕಡೆದ, ಕೀಲು ಕೂರಿಸಿದ, ಚರ್ಮ ಹೊಲಿದ ಕೈಗಳ ಹೆಸರು ಯಾವ ಕಡತದಲ್ಲಿಯೂ ಸೇರಲಿಲ್ಲ. ಆ ಕೈಗಳನ್ನು ಮರೆತದ್ದರಲ್ಲಿ ಪರದೇಶದವರ ತಪ್ಪಿಗಿಂತ ನಮ್ಮ ತಪ್ಪೇ ಹೆಚ್ಚು.

ತಂದೆಯ ಇಗರ್ಜಿ

ಕ್ಲಿಂಟರ ಬಾಳಿನ ಇನ್ನೊಂದು ದೊಡ್ಡ ಕೆಲಸ ಅವರದ್ದಲ್ಲ, ತಂದೆಯದು. ಗ್ರುಂಡ್‌ವಿಗ್ ಎಂಬ ಧರ್ಮಗುರು ಮತ್ತು ಕವಿ 1783ರಿಂದ 1872ರವರೆಗೆ ಬಾಳಿದವರು. ಲ್ಯಾಟಿನಿನ ಹೊರೆಯಿಂದ ಬಿಡಿಸಿ, ಮಾತೃಭಾಷೆಯ ಮೂಲಕ ರೈತರ ಮಕ್ಕಳಿಗೆ ವಿದ್ಯೆ ಸಿಗಬೇಕೆಂದು ಸಾರಿದವರು. ಅವರ ಆಶಯದಂತೆ ಮೊದಲ ಜಾನಪದ ಪ್ರೌಢಶಾಲೆ 1844ರಲ್ಲಿ ತೆರೆದದ್ದು ರೋಡಿಂಗ್ ಎಂಬಲ್ಲಿ. ಅದು ಡೇನಿಶ್ ಮತ್ತು ಜರ್ಮನ್ ಭಾಷೆಗಳ ನಡುವೆ ಎಳೆದಾಟವಿದ್ದ ಗಡಿನಾಡು. ಗಡಿನಾಡಿನಲ್ಲಿ ಮಾತೃಭಾಷೆಯ ಶಾಲೆ ಎಂದರೆ ಏನೆಂಬುದನ್ನು ಈ ಪತ್ರಿಕೆಯ ಪಾಠಕರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಆ ಗ್ರುಂಡ್‌ವಿಗ್‌ರ ನೆನಪಿಗಾಗಿ ತಂದೆ ಕ್ಲಿಂಟರು ಕೋಪನ್‌ಹೇಗನ್‌ನಲ್ಲಿ ಮಹಾ ಇಗರ್ಜಿಯೊಂದನ್ನು ಯೋಜಿಸಿದರು. ಹಳ್ಳಿಯ ಪುಟ್ಟ ಇಗರ್ಜಿಯ ಮೆಟ್ಟಿಲುಮೆಟ್ಟಿಲಾದ ಮುಂಗೋಡೆಯನ್ನೇ ಬೃಹತ್ತಾಗಿ ಬೆಳೆಸಿದ ರೂಪ ಅದರದು. 1921ರಲ್ಲಿ ಕೆಲಸ ಮೊದಲಾಯಿತು. ಲಕ್ಷಾಂತರ ಹಳದಿ ಇಟ್ಟಿಗೆಗಳನ್ನು ಕೈಯಿಂದಲೇ ಉಜ್ಜಿ ಸಮಮಾಡಿ ಇಡಲಾಯಿತು. 1930ರಲ್ಲಿ ತಂದೆ ತೀರಿಕೊಂಡಾಗ ಇಗರ್ಜಿ ಪೂರ್ಣವಾಗಿರಲಿಲ್ಲ. ಮಗ ಕೋರ ತಂದೆಯ ನಕ್ಷೆಗೆ ನಿಷ್ಠರಾಗಿ ನಿಂತು 1940ರಲ್ಲಿ ಅದನ್ನು ಮುಗಿಸಿದರು. ಮೊಮ್ಮಗ ಎಸ್ಬೆನ್ ಕ್ಲಿಂಟ್ ಮುಂದೆ ಅಲ್ಲಿಯ ದೊಡ್ಡ ಆರ್ಗನ್ ವಾದ್ಯದ ರೂಪ ರಚಿಸಿದರು. ಹೀಗೆ ಒಂದೇ ಮನೆಯ ಮೂರು ತಲೆಮಾರು ಒಂದೇ ಕಟ್ಟಡಕ್ಕೆ ದುಡಿಯಿತು.

ಆ ಇಗರ್ಜಿಯಲ್ಲಿ ಉದ್ದುದ್ದದ ಬೆಂಚುಗಳಿಲ್ಲ, ಒಂಟಿ ಕುರ್ಚಿಗಳ ಸಾಲುಗಳಿವೆ. ತಂದೆಯ ಕಲ್ಪನೆಯ ಆಧಾರದಲ್ಲಿ ತಾವೇ ಕಟ್ಟಿಸಿದ ಬೆತ್ಲೆಹೆಮ್ ಇಗರ್ಜಿಗಾಗಿ 1936ರಲ್ಲಿ ಕ್ಲಿಂಟರು ಈ ಕುರ್ಚಿ ರೂಪಿಸಿದ್ದರು. ಬೀಚ್ ಮರ, ಹುಲ್ಲಿನ ಹೆಣಿಗೆಯ ಪೀಠ, ಬೆನ್ನಿಗೆ ಏಣಿಯಂತೆ ಅಡ್ಡಪಟ್ಟಿ. ಯೂರೋಪಿನ ಬಡವರ ಮನೆಗಳಲ್ಲಿ ಶತಮಾನಗಳಿಂದ ಇದ್ದ ಕುರ್ಚಿಯ ತಿದ್ದಿದ ರೂಪವಷ್ಟೇ ಅದು.

ಮನೆಯ ಹಳೆಯ ಹವ್ಯಾಸವೂ ಸುಮ್ಮನೆ ಹೋಗಲಿಲ್ಲ. 1943ರಲ್ಲಿ ಸೋದರ ಟಾಗೆ ಕ್ಲಿಂಟ್ ನೆರಿಗೆ ಕಾಗದದ ದೀಪಗಳ ಉದ್ಯಮ ಆರಂಭಿಸಿದರು. ಮರುವರ್ಷ ಕೋರ ಕ್ಲಿಂಟರು ಅದಕ್ಕಾಗಿ ಹಣ್ಣಿನಾಕಾರದ ಗೂಡುದೀಪವೊಂದನ್ನು ಮಡಿಸಿಕೊಟ್ಟರು. ಅದು ಇಂದಿಗೂ ತಯಾರಾಗುತ್ತಿದೆ.

ಶಿಷ್ಯರು ಮತ್ತು ಕೊನೆಯ ದಿನಗಳು

1944ರಲ್ಲಿ ಕ್ಲಿಂಟರು ಅಕಾಡೆಮಿಯಲ್ಲಿ ಪ್ರೊಫೆಸರರಾದರು. 1949ರಲ್ಲಿ ಲಂಡನಿನ ವಿದ್ವತ್ ಸಂಸ್ಥೆಯೊಂದು ಅವರಿಗೆ ಗೌರವ ಬಿರುದು ನೀಡಿತು. 1954ರ ಮಾರ್ಚ್ 28ರಂದು ಕೋಪನ್‌ಹೇಗನ್‌ನಲ್ಲಿ ಅವರು ತೀರಿಕೊಂಡರು. ಆಗ ಅವರಿಗೆ 65 ವರ್ಷ.

ಕ್ಲಿಂಟರಲ್ಲಿ ಕುಂದೇ ಇರಲಿಲ್ಲವೆಂದು ಹೇಳಿದರೆ ಅದು ಚರಿತ್ರೆಯಾಗದು. ಅವರ ಶಿಸ್ತು ಕೆಲವರಿಗೆ ಉಸಿರುಗಟ್ಟಿಸಿತು. ಫಿನ್ ಯೂಲ್‌ರಂಥವರು ಅವರ ದಾರಿ ಬಿಟ್ಟು ಶಿಲ್ಪದಂತೆ ಬಳುಕುವ ಕುರ್ಚಿಗಳನ್ನು ಮಾಡಿ ಹೆಸರಾದರು. ಅದಕ್ಕಿಂತ ದೊಡ್ಡ ಕುಂದೆಂದರೆ ಬೆಲೆ. ಕ್ಯೂಬಾದ ಮಹಾಗನಿ, ಆಯ್ದ ತೊಗಲು, ನುರಿತ ಬಡಗಿಯ ಹತ್ತಾರು ತಾಸಿನ ದುಡಿಮೆ ಸೇರಿದ ಕುರ್ಚಿಯನ್ನು ಕೂಲಿಯವನು ಕೊಳ್ಳುವುದು ಸಾಧ್ಯವಿರಲಿಲ್ಲ. ಮನುಷ್ಯ ಮಾತ್ರದವರ ಮೈಯನ್ನು ಅಳೆದು ಮಾಡಿದ ಕುರ್ಚಿ ಸಿರಿವಂತರ ಮನೆಗೇ ಹೋಯಿತು.

ಈ ಕುಂದನ್ನು ತುಂಬಿದವರು ಶಿಷ್ಯ ಬೋರ್ಗೆ ಮೋಗೆನ್ಸನ್. 1942ರಲ್ಲಿ ಡೆನ್ಮಾರ್ಕಿನ ಬಳಕೆದಾರರ ಸಹಕಾರಿ ಸಂಘಗಳ ಒಕ್ಕೂಟ ತನ್ನ ಪೀಠೋಪಕರಣ ವಿಭಾಗವನ್ನು ಅವರ ಕೈಗೊಪ್ಪಿಸಿತು. ಗುರುವಿನ ಇಗರ್ಜಿಯ ಕುರ್ಚಿಯನ್ನೂ ಅಮೆರಿಕದ ಶೇಕರ್ ಪಂಥದವರ ಸರಳ ಕುರ್ಚಿಯನ್ನೂ ಎದುರಿಗಿಟ್ಟುಕೊಂಡು 1947ರಲ್ಲಿ ಅವರು ಮಾಡಿದ ಊಟದ ಕುರ್ಚಿ ಜನತಾ ಕುರ್ಚಿಯೆಂದೇ ಪ್ರಸಿದ್ಧವಾಯಿತು. ಕಾಗದದ ಹುರಿಯಿಂದ ಹೆಣೆದ ಪೀಠ, ಸಾಧಾರಣ ಮರ, ಸಾಧಾರಣ ಬೆಲೆ. ಸಹಕಾರಿ ಸಂಘಗಳಿಂದಲೇ ಅಡಿಕೆ, ಹಾಲು ಮಾರುವ ನಮಗೆ, ಸಹಕಾರಿ ಸಂಘವೇ ಕುರ್ಚಿಯನ್ನು ಬಡವನ ಮನೆಗೆ ಮುಟ್ಟಿಸಿದ ಈ ಕಥೆ ಮನನೀಯ.

ಮೋಗೆನ್ಸನ್‌ರ ಗೆಳೆಯ ಹಾನ್ಸ್ ವೆಗ್ನರ್. ಗಡಿಯೂರಾದ ಟೋಂಡರಿನ ಚಮ್ಮಾರನ ಮಗ. ಅವರು ಕಲಿತದ್ದು ಕ್ಲಿಂಟರ ಶಿಷ್ಯರೊಬ್ಬರ ಬಳಿ. 1949ರಲ್ಲಿ ವೆಗ್ನರ್ ಮಾಡಿದ, ಬೆನ್ನಿನ ಪಟ್ಟಿಯೂ ಕೈಯಾಸರೆಯೂ ಒಂದೇ ಬಾಗಾಗಿ ಹರಿಯುವ ಕುರ್ಚಿಗೆ ಅಮೆರಿಕದವರು ಬರಿದೇ ಕುರ್ಚಿ ಎಂದು ಹೆಸರಿಟ್ಟರು. ಬೇರೆ ವಿಶೇಷಣ ಬೇಡವೆಂಬಂತೆ! 1960ರಲ್ಲಿ ಕೆನಡಿ ಮತ್ತು ನಿಕ್ಸನ್ ನಡುವೆ ನಡೆದ ಟೆಲಿವಿಷನ್ ಚರ್ಚೆಯಲ್ಲಿ ಕೆನಡಿ ಕುಳಿತದ್ದು ಅದರ ಮೇಲೆ. ಅಂದಿನಿಂದ ಡ್ಯಾನಿಶ್ ಕುರ್ಚಿ ಜಗತ್ತಿನ ಮನೆಮಾತಾಯಿತು.

ನಮಗೇನು ಪಾಠ

ಕೆಲವು ತಿಂಗಳ ಹಿಂದೆ ಎಂಟನೆಯ ತರಗತಿಯಲ್ಲಿ ಅಳತೆಯ ಪಾಠ ಮಾಡುವಾಗ, ಮಕ್ಕಳಿಗೆ ತಮ್ಮ ತಮ್ಮ ಮಂಡಿಯಿಂದ ಹಿಮ್ಮಡಿಯವರೆಗೆ ಅಳೆದು, ಆಮೇಲೆ ತಾವು ಕೂರುವ ಬೆಂಚನ್ನು ಅಳೆಯಲು ಹೇಳಿದೆ. ಮುಂದಿನ ಸಾಲಿನ ಸಣ್ಣ ಮಕ್ಕಳ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಹಿಂದಿನ ಸಾಲಿನ ಎತ್ತರದ ಹುಡುಗನ ಮಂಡಿ ಡೆಸ್ಕಿಗೆ ತಾಗುತ್ತಿತ್ತು. ಇಷ್ಟು ವರ್ಷ ಆ ಮಕ್ಕಳಿಗೆ ನೆಟ್ಟಗೆ ಕೂತುಕೊಳ್ಳಿ ಎಂದು ಗದರಿಸಿದವನು ನಾನೇ. ಬೆಂಚಿನ ತಪ್ಪಿಗೆ ಮಗುವನ್ನು ಬಯ್ದಿದ್ದೆ ಎಂದು ಆ ದಿನ ಅರಿವಾಯಿತು.

ಇದು ಒಂದು ಶಾಲೆಯ ಮಾತಲ್ಲ. ಟೆಂಡರಿನಲ್ಲಿ ಬೆಂಚುಗಳ ಸಂಖ್ಯೆ ಬರೆಯುತ್ತೇವೆ, ಮರದ ದಪ್ಪ ಬರೆಯುತ್ತೇವೆ. ಅದರ ಮೇಲೆ ಕೂರುವ ಮಗುವಿನ ಕಾಲಿನ ಉದ್ದ ಬರೆಯುವುದಿಲ್ಲ. ಊರಿನ ಆಚಾರಿಯನ್ನು ಕರೆದು ಮೂರು ಎತ್ತರದ ಬೆಂಚು ಮಾಡಿಸಿದರೆ ಹೆಚ್ಚಿನ ಖರ್ಚೇನೂ ಬಾರದು. ಆದರೆ ಆ ಆಚಾರಿಗಳೂ ಕಡಿಮೆಯಾಗುತ್ತಿದ್ದಾರೆ. ಚಾವಡಿಯಲ್ಲಿದ್ದ ಹಲಸಿನ ಮರದ ಕುರ್ಚಿ ಅಟ್ಟಕ್ಕೆ ಹೋಗಿ, ಅದರ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿ ಬಂದು ಕುಳಿತಿದೆ. ಮುರಿದರೆ ಅದನ್ನು ರಿಪೇರಿ ಮಾಡುವಂತಿಲ್ಲ, ಎಸೆಯಬೇಕು.

ಕ್ಲಿಂಟರು ಹೊಸತೇನನ್ನೂ ಕಂಡುಹಿಡಿಯಲಿಲ್ಲವೆಂದು ಬೇಕಾದರೆ ಹೇಳಬಹುದು. ಚಿಪ್ಪೆಂಡೇಲ್ ಕುರ್ಚಿ ಮೊದಲೇ ಇತ್ತು, ರೂರ್ಕಿ ಕುರ್ಚಿ ಮೊದಲೇ ಇತ್ತು, ಬಡವರ ಹುಲ್ಲಿನ ಪೀಠವೂ ಇತ್ತು. ಅವರು ಮಾಡಿದ್ದು ಅವುಗಳ ಎದುರು ಅಳತೆಗೋಲು ಹಿಡಿದು ಕುಳಿತದ್ದು ಮಾತ್ರ. ಒಂದು ಚಿಕ್ಕ ದೇಶಕ್ಕೆ ಲೋಕದಲ್ಲಿ ಹೆಸರು ತರಲು ಅಷ್ಟು ಸಾಕಾಯಿತು.

ನಮ್ಮ ಅಟ್ಟದ ಮೇಲೆ ಅಜ್ಜ ಕೂರುತ್ತಿದ್ದ ಕುರ್ಚಿ ಇನ್ನೂ ಉಳಿದಿದ್ದರೆ, ಅದನ್ನು ಒಮ್ಮೆ ಕೆಳಗಿಳಿಸಿ ಧೂಳು ಒರೆಸಿ ಅಳೆದು ನೋಡೋಣ. ಅದನ್ನು ಮಾಡಿದ ಆಚಾರಿಯ ಹೆಸರು ಮನೆಯ ಹಿರಿಯರಿಗೆ ನೆನಪಿದ್ದರೆ ಅದನ್ನೂ ಬರೆದಿಡೋಣ.